ಐದು ಭಾನುವಾರಗಳ ಅಳತೆ

ಆಸ್ಪತ್ರೆಯ ಹಾಜರಿ ಪುಸ್ತಕದಲ್ಲಿ ಅವಳಿಗೆ ಒಳ್ಳೆಯ ಹೆಸರೇ ಇತ್ತು. ಆದರೆ ಆ ಹೆಸರಿನಿಂದ ಅವಳನ್ನು ಯಾರಾದರೂ ಕರೆದು ಯಾವ ಕಾಲವಾಯಿತೋ. ಜವಾನನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಅವಳು ಚಿವುಟಮ್ಮ. ಮೊದಮೊದಲು ಬೆನ್ನ ಹಿಂದೆ ಹಾಗೆನ್ನುತ್ತಿದ್ದರು, ಆಮೇಲೆ ಎದುರಿಗೇ ಅನ್ನತೊಡಗಿದರು, ಕೊನೆಗೆ ಅವಳೇ ಫೋನೆತ್ತಿ "ಹಾ, ಚಿವುಟಮ್ಮ ಮಾತಾಡ್ತಿರೋದು" ಅನ್ನುವಷ್ಟು ಆ ಹೆಸರು ಮೈಗೆ ಒಗ್ಗಿಹೋಯಿತು. ಒಗ್ಗದೆ ಏನು ಮಾಡೀತು? ಚಿವುಟುವುದೇ ಅವಳ ಕೆಲಸ. ಇಪ್ಪತ್ತೆಂಟು ವರ್ಷ ಅವಳು ಜನರನ್ನು ಚಿವುಟಿಯೇ ಹೊಟ್ಟೆ ಹೊರೆದಿದ್ದಾಳೆ.

ಅವಳ ಕೋಣೆ ನೆಲಮಹಡಿಯ ಮೂಲೆಯಲ್ಲಿ, ವಾರದಲ್ಲಿ ಮೂರು ದಿನ ಕೆಟ್ಟು ನಿಲ್ಲುವ ಲಿಫ್ಟಿನ ಪಕ್ಕದಲ್ಲಿತ್ತು. ಒಳಗೆ ಒಂದು ಹಸಿರು ಪರದೆ, ಬೆನ್ನಿಲ್ಲದ ಸ್ಟೂಲು, ಗೋಡೆಗೆ ಹೊಡೆದ ಎತ್ತರದ ಪಟ್ಟಿ, ತೂಕದ ಯಂತ್ರ. ಮೇಜಿನ ಮೇಲೆ ಒಂದು ಟೇಪು, ಒಂದು ಕ್ಯಾಲಿಪರ್. ಈ ಕ್ಯಾಲಿಪರ್ ಅಂದರೆ ಗಡಿಯಾರದಂಥ ಮುಖವಿರುವ ಒಂದು ಇಕ್ಕಳ. ತೋಳಿನ ಹಿಂಭಾಗದ ಚರ್ಮವನ್ನು ಎರಡು ಬೆರಳಲ್ಲಿ ಮಡಿಸಿ ಎತ್ತಿ, ಆ ಮಡಿಕೆಯನ್ನು ಇಕ್ಕಳದ ಬಾಯಿಗೆ ಕೊಟ್ಟು, ಎರಡು ಎಣಿಸುವಷ್ಟು ಹೊತ್ತು ಕಾದರೆ ಮುಳ್ಳು ಒಂದು ಕಡೆ ನಿಲ್ಲುತ್ತದೆ. ಚರ್ಮದ ಕೆಳಗೆ ಕೊಬ್ಬು ಎಷ್ಟು ದಪ್ಪ ಕೂತಿದೆ ಎನ್ನುವುದು ಅಲ್ಲಿಗೆ ಗೊತ್ತಾಗುತ್ತದೆ. ಟೇಪಿನಿಂದ ತೋಳಿನ ಸುತ್ತಳತೆ ತೆಗೆದು, ಅದರಲ್ಲಿ ಕೊಬ್ಬಿನ ಪಾಲನ್ನು ಕಳೆದರೆ ಉಳಿಯುವುದು ಸ್ನಾಯು ಮತ್ತು ಮೂಳೆ. ಲೆಕ್ಕ ಇಷ್ಟೇ. ಕಷ್ಟವೆಲ್ಲ ಬೆರಳಿನದು. ಒಂದು ಬೆರಳಗಲ ಆಚೀಚೆ ಹಿಡಿದರೆ ಮನುಷ್ಯನೇ ಬೇರೆ ಆಗಿಬಿಡುತ್ತಾನೆ.

ಬಂದವರೆಲ್ಲ ಮೊದಲು ಕೇಳುವುದು ತೂಕವನ್ನೇ. ಆಗ ಚಿವುಟಮ್ಮನಿಗೆ ಸಣ್ಣಗೆ ಸಿಟ್ಟು ಬರುತ್ತಿತ್ತು. "ಮೂಟೆ ತೂಗಿದ್ರೆ ಒಳಗೇನಿದೆ ಅಂತ ಗೊತ್ತಾಗುತ್ತೇನ್ರೀ? ನೀರೂ ತೂಗುತ್ತೆ, ಮೂಳೆನೂ ತೂಗುತ್ತೆ, ಕೊಬ್ಬೂ ತೂಗುತ್ತೆ. ನಿಮ್ಮಲ್ಲಿ ಯಾವುದು ಎಷ್ಟಿದೆ ಅಂತ ನೋಡೋಣ ಬನ್ನಿ" ಎಂದು ಅಂಗಿಯ ತೋಳು ಮಡಿಸಲು ಹೇಳುತ್ತಿದ್ದಳು. ಒಮ್ಮೆ ಲಾಂಡ್ರಿಯ ಮಾಲೀಕನೊಬ್ಬ, ಮೆಟ್ಟಿಲಿಗೆ ಅಡ್ಡ ನಿಂತರೆ ಬೇರೆಯವರಿಗೆ ದಾರಿಯೇ ಇಲ್ಲದಂಥ ದೇಹ, ನಾಚಿಕೊಳ್ಳುತ್ತಾ ಬಂದು ಕೂತ. ಅಳೆದು ಮುಗಿಸಿ ಅವಳು ನಕ್ಕಳು. "ನೀವ್ಯಾಕೆ ತಲೆ ತಗ್ಗಿಸ್ತೀರಿ? ಈ ಕೊಬ್ಬಿನ ಒಳಗೆ ಒಬ್ಬ ಪೈಲ್ವಾನ ಕೂತಿದ್ದಾನೆ. ಅವನನ್ನ ಉಳಿಸ್ಕೊಂಡು ಮೇಲಿಂದಷ್ಟೇ ಇಳಿಸಿ." ಅದೇ ದಿನ ಕಡ್ಡಿಯಂಥ ಮೇಷ್ಟರೊಬ್ಬರು ತಮಗೇನೂ ಚಿಂತೆಯಿಲ್ಲವೆಂದು ಎದೆಯುಬ್ಬಿಸಿ ಬಂದವರು, ತಮ್ಮ ಸಣಕಲು ಮೈಯಲ್ಲಿ ಸ್ನಾಯುವಿಗಿಂತ ಕೊಬ್ಬೇ ಜಾಸ್ತಿ ಜಾಗ ಹಿಡಿದಿದೆ ಎಂದು ತಿಳಿದು ಇಂಗು ತಿಂದ ಮಂಗನ ಹಾಗೆ ಎದ್ದು ಹೋದರು. ನೆಂಟರಿಷ್ಟರು ಸೇರಿದ ಕಡೆಯಂತೂ ಅವಳು ಬಂದಳೆಂದರೆ ಚಿಕ್ಕಮ್ಮಂದಿರು ಸೆಕೆಯಲ್ಲೂ ಶಾಲು ಹೊದ್ದು ತೋಳು ಮುಚ್ಚಿಕೊಳ್ಳುತ್ತಿದ್ದರು.

ಈ ವಿದ್ಯೆಯನ್ನು ಅವಳಿಗೆ ಕಲಿಸಿದವರು ಆ ಕೋಣೆಯಲ್ಲಿ ಮೊದಲಿದ್ದ ಹಿರಿಯ ಮೇಡಂ. ಫೈಲು ಎತ್ತಿಡುವ ಕೆಲಸಕ್ಕೆಂದು ಬಂದಿದ್ದ ಇಪ್ಪತ್ತಾರರ ಹೆಂಗಸನ್ನು ಎಳೆದು ಕೂರಿಸಿಕೊಂಡು, ಗೇಟಿನ ಕಾವಲುಗಾರನ ಒಂದೇ ತೋಳನ್ನು ನಲವತ್ತು ಸಲ ಅಳೆಸಿದ್ದರು. ಪಾಪ, ಆ ಕಾವಲುಗಾರ ಒಂದು ವಾರ ಅತ್ತ ತಲೆ ಹಾಕಲಿಲ್ಲ. ಮೇಡಂ ಹಾಕಿಕೊಟ್ಟ ಕಟ್ಟುಪಾಡುಗಳು ಎರಡೇ. ಅಳೆಯುವವಳು ಬರೆಯಬಾರದು, ಬರೆಯಲು ಇನ್ನೊಬ್ಬಳಿರಬೇಕು. ಹಿಂದಿನ ಸಲದ ಸಂಖ್ಯೆ ಅಳೆಯುವವಳ ಕಣ್ಣಿಗೆ ಬೀಳಬಾರದು. ಚಿವುಟಮ್ಮ ಇವೆರಡನ್ನು ಚಾಚೂ ತಪ್ಪದೆ ಪಾಲಿಸಿದಳು. ಪ್ರತಿವರ್ಷ ನಡೆಯುವ ಕೈಪರೀಕ್ಷೆಯಲ್ಲಿ ಹತ್ತು ಜನರನ್ನು ಎರಡೆರಡು ಸಲ ಅಳೆಯಬೇಕು. ಎರಡು ಅಳತೆಗಳ ನಡುವಿನ ಅಂತರ ಅವಳದರಷ್ಟು ಕಡಿಮೆ ಯಾರದೂ ಇರುತ್ತಿರಲಿಲ್ಲ. ಅವಳಿಗೆ ಅದರ ಹೆಮ್ಮೆ ಇತ್ತು, ಇರಬೇಕಾದ್ದೇ. ಇಲ್ಲ ಎಂದು ಅವಳೇನಾದರೂ ಹೇಳಿದ್ದರೆ ನಾನಂತೂ ನಂಬುತ್ತಿರಲಿಲ್ಲ.

ಅವಳ ಗಂಡ ಬಡಗಿ. ಕುರ್ಚಿ, ಮೇಜು, ಕಿಟಕಿಯ ಚೌಕಟ್ಟು ಮಾಡುತ್ತಿದ್ದ. ಉಜ್ಜುಗೊರಡು ತಳ್ಳಿ ತಳ್ಳಿ ಅವನ ಬಲತೋಳು ಎಡದ್ದಕ್ಕಿಂತ ದಪ್ಪವಾಗಿತ್ತು. ಹೊಸದಾಗಿ ಮದುವೆಯಾದಾಗ ಅವಳು ಅಭ್ಯಾಸಕ್ಕೆಂದು ಆ ತೋಳನ್ನು ಚಿವುಟಿ ಚಿವುಟಿ ಕೆಂಪು ಮಾಡಿದ್ದೂ ಉಂಟು. "ಬೇರೆಯವರ ಹೆಂಡ್ತಿಯರು ಮಾತಲ್ಲಿ ಚುಚ್ತಾರೆ, ನನ್ನ ಹೆಂಡ್ತಿ ಆಯುಧ ತಂದೇ ಚುಚ್ತಾಳೆ" ಎಂದು ಅವನು ಅಂಗಡಿಯಲ್ಲಿ ಗೆಳೆಯರ ಮುಂದೆ ಹೇಳಿಕೊಂಡು ನಗುತ್ತಿದ್ದ.

ಈ ನಗುವ ಮನುಷ್ಯನಿಗೆ ಹೊಟ್ಟೆಯ ಹುಣ್ಣು ಅಂಟಿಕೊಂಡಿತು. ವರ್ಷಗಟ್ಟಲೆ ಹುಣ್ಣಾಗಿ, ಮಾಗಿ, ಮತ್ತೆ ಹುಣ್ಣಾಗಿ, ಜಠರದಿಂದ ಕರುಳಿಗೆ ಹೋಗುವ ದಾರಿಯೇ ಕಿರಿದಾಗಿಬಿಟ್ಟಿತು. ನಾಲ್ಕು ತುತ್ತು ತಿಂದರೆ ಎರಡು ತುತ್ತು ವಾಪಸು ಬರುತ್ತಿತ್ತು. ಶಸ್ತ್ರಚಿಕಿತ್ಸೆ ಮಾಡಿ ದಾರಿ ಸರಿಮಾಡಬೇಕು, ಅವಸರವಿಲ್ಲ, ಆದರೆ ಮೈಯಲ್ಲಿ ತಾಕತ್ತು ಇರುವಾಗ ಮಾಡಬೇಕು ಎಂದರು ಶಸ್ತ್ರವೈದ್ಯರು. ಅವರು ಅವಳ ಕೆಲಸವನ್ನು ಹತ್ತಾರು ವರ್ಷ ಕಂಡವರು, ಕಡ್ಡಿ ಮುರಿದಂತೆ ಮಾತಾಡುವವರು.

"ನೋಡಿ ಚಿವುಟಮ್ಮ, ಇವರ ತೂಕ ನೋಡಿ ನಾನು ಏನೂ ನಿರ್ಧಾರ ಮಾಡೋ ಹಾಗಿಲ್ಲ. ಕಾಲಲ್ಲಿ ನೀರು ತುಂಬಿದೆ. ಸ್ನಾಯು ಕರಗಿದ್ರೂ ಆ ನೀರು ತೂಕ ಹಿಡಿದಿಡುತ್ತೆ."

"ಹೊಸ ಯಂತ್ರದಲ್ಲೂ ಹಾಗೇ ಸರ್" ಎಂದಳು ಅವಳು. ಬರಿಗಾಲಲ್ಲಿ ನಿಂತು ಎರಡು ಹಿಡಿ ಹಿಡಿದುಕೊಂಡರೆ ಮೈಯೊಳಗಿನದನ್ನೆಲ್ಲ ಚೀಟಿಯಲ್ಲಿ ಮುದ್ರಿಸಿಕೊಡುವ ಯಂತ್ರವೊಂದು ಆಗ ಅವಳ ಕೋಣೆಗೆ ಬಂದಿತ್ತು. "ಬಾವು ಇರೋರನ್ನ ಅದರ ಮೇಲೆ ನಿಲ್ಲಿಸಿದ್ರೆ ನೀರನ್ನೂ ಸ್ನಾಯು ಅಂತ್ಲೇ ಎಣಿಸುತ್ತೆ."

"ಅದಕ್ಕೇ ನಿಮ್ಮ ಕೈ ಬೇಕು. ವಾರಕ್ಕೊಂದು ಸಲ ತೋಳು ಅಳೆದಿಡಿ. ಐದು ವಾರ ನೋಡೋಣ. ಸ್ನಾಯು ಹೀಗೇ ನಿಂತಿದ್ರೆ ನೇರ ಶಸ್ತ್ರಚಿಕಿತ್ಸೆ. ಕರಗ್ತಾ ಇದ್ರೆ ಮೊದಲು ಮೂಗಿಂದ ಕರುಳಿಗೆ ಕೊಳವೆ ಹಾಕಿ ಆರು ವಾರ ಆಹಾರ ಕೊಟ್ಟು, ಮೈ ಕಟ್ಟಿದ ಮೇಲೆ ಮಾಡೋಣ. ಬಡಕಲು ಮೈಗೆ ಕತ್ತಿ ಹಾಕಿದ್ರೆ ಹೊಲಿಗೆ ಕೂಡೋಲ್ಲ, ಅದು ನಿಮಗೆ ಹೇಳಬೇಕಾಗಿಲ್ಲ."

ಕೊಳವೆ ಎಂಬ ಮಾತು ಕೇಳಿದ್ದೇ ತಡ, ಪಕ್ಕದಲ್ಲಿ ಕೂತಿದ್ದ ಬಡಗಿಯ ಮುಖದಲ್ಲಿ ರಕ್ತವೇ ಇರಲಿಲ್ಲ. ಅವನ ಅಣ್ಣ ಕೊನೆಯ ಎರಡು ತಿಂಗಳು ಮೂಗಿನಲ್ಲಿ ಕೊಳವೆ ಇಟ್ಟುಕೊಂಡೇ ಮಲಗಿದ್ದು, ಹಾಗೆಯೇ ತೀರಿಕೊಂಡಿದ್ದ. ತಮ್ಮನ ಮಟ್ಟಿಗೆ ಆ ಕೊಳವೆಯೇ ಸಾವು. ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಹೇಳಿದ, "ಏನಾದ್ರೂ ಮಾಡ್ಲಿ ಕಣೇ, ಅದೊಂದು ಬೇಡ."

"ಬೇಡ ಬಿಡಿ, ಸ್ನಾಯು ನಿಂತ್ರೆ ಯಾಕೆ ಹಾಕ್ತಾರೆ?" ಎಂದಳು ಅವಳು.

ಹೀಗೆ ಭಾನುವಾರದ ಅಳತೆ ಶುರುವಾಯಿತು. ಆಸ್ಪತ್ರೆಗೆ ಅವನನ್ನು ಯಾಕೆ ಎಳೆದಾಡಿಸುವುದು ಎಂದು ಅವಳು ಕ್ಯಾಲಿಪರ್ ಮನೆಗೇ ತಂದಳು. ಬೆಳಗಿನ ಬಿಸಿಲು ಬೀಳುವ ಕಿಟಕಿಯ ಹತ್ತಿರ ಅವನು ಅಂಗಿ ತೆಗೆದು ನಿಲ್ಲುತ್ತಿದ್ದ. ಅವಳು ಭುಜದ ತುದಿಯಿಂದ ಮೊಣಕೈವರೆಗೆ ಅಳೆದು ನಡುವೆ ಪೆನ್ನಿನಿಂದ ಗುರುತು ಹಾಕಿ, ಟೇಪು ಸುತ್ತಿ, ಮಡಿಕೆ ಹಿಡಿದು, ತಾನೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. ಮನೆಯಲ್ಲಿ ಬರೆಯಲು ಇನ್ನೊಬ್ಬರು ಎಲ್ಲಿಂದ ಬರಬೇಕು? ಬರೆದ ಮೇಲೆ "ಹಾಗೇ ಇದೆ ರೀ" ಎಂದು ನಗುತ್ತಿದ್ದಳು. ಅವನೂ ನಗುತ್ತಿದ್ದ. ಆ ದಿನ ಅವನಿಗೆ ಎರಡು ತುತ್ತು ಹೆಚ್ಚೇ ಸೇರುತ್ತಿತ್ತು, ವಾಂತಿಯೂ ಕಡಿಮೆ. ಐದನೆಯ ಭಾನುವಾರದ ಮಾರನೆಯ ದಿನ ಅವಳು ನೋಟ್‌ಬುಕ್ ಹಿಡಿದು ಶಸ್ತ್ರವೈದ್ಯರ ಮುಂದೆ ನಿಂತಳು. ಅವರು ಒಂದು ನಿಮಿಷ ಕಣ್ಣಾಡಿಸಿ, "ನಿಮ್ಮ ಕೈ ಮೇಲೆ ಇನ್ನೊಂದು ಕೈ ಯಾಕೆ? ಬರೋ ವಾರ ಬುಧವಾರಕ್ಕೆ ಬರ್ಕೊಳ್ತೀನಿ" ಎಂದರು. ಅವಳ ಹೊಟ್ಟೆ ತಣ್ಣಗಾಯಿತು.

ಆ ವಾರದ ಗುರುವಾರ ಕೈಪರೀಕ್ಷೆ ಬಂತು. ಈ ಸಲ ಪರೀಕ್ಷೆ ಅವಳ ಜೊತೆಗಾತಿಯದು. ಈ ಜೊತೆಗಾತಿ ವಾರ್ಡಿನಲ್ಲಿ ಹತ್ತು ವರ್ಷ ನರ್ಸ್ ಆಗಿ ದುಡಿದು, ಬೆನ್ನುನೋವು ತಾಳಲಾರದೆ ಈ ಕೋಣೆಗೆ ವರ್ಗ ಮಾಡಿಸಿಕೊಂಡು ಬಂದವಳು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಹತ್ತು ಜನರನ್ನು ಎರಡು ಸುತ್ತು ಅಳೆದು ಮುಗಿಸಿ ಹಾಳೆಯನ್ನು ಚಿವುಟಮ್ಮನ ಮುಂದೆ ಹೆಮ್ಮೆಯಿಂದ ಇಟ್ಟಳು. ಚಿವುಟಮ್ಮ ನೋಡಿದಳು. ಮೊದಲ ಸುತ್ತಿನ ಸಂಖ್ಯೆಗಳೂ ಎರಡನೆಯ ಸುತ್ತಿನವೂ ಹೆಚ್ಚುಕಡಿಮೆ ಒಂದೇ. ಅವಳ ಹುಬ್ಬು ಗಂಟಾಯಿತು.

"ಮೊದಲನೇ ಹಾಳೆ ನೋಡ್ಕೊಂಡ್ಯಾ?"

"ಇಲ್ಲ ಅಕ್ಕಾ! ಆಣೆ ಮಾಡಿ ಹೇಳ್ತೀನಿ. ಒಂದೆರಡು ನೆನಪಿತ್ತು ಅಷ್ಟೇ."

"ಅಷ್ಟೇ ಸಾಕು. ಮನುಷ್ಯರ ಮೈ ಹೀಗೆ ಅಳತೆಗೆ ಸಿಗಲ್ಲ ಕಣೇ. ಎಷ್ಟೇ ಒಳ್ಳೆ ಕೈ ಆದ್ರೂ ಒಂದು ಗೆರೆ ಮೇಲೆ, ಒಂದು ಗೆರೆ ಕೆಳಗೆ ಹೋಗಲೇಬೇಕು. ಇಷ್ಟು ನೆಟ್ಟಗೆ ಬಂದಿದೆ ಅಂದ್ರೆ ಅಳೆದಿದ್ದು ನಿನ್ನ ನೆನಪು, ಬೆರಳಲ್ಲ."

"ಅಂದ್ರೆ ನಾನು ಸುಳ್ಳು ಬರೆಸಿದ್ದೀನಿ ಅಂತೀರಾ?"

"ನೀನು ಸುಳ್ಳು ಹೇಳಿಲ್ಲ. ಯಾವ ಸಂಖ್ಯೆ ಬರಬೇಕು ಅಂತ ಮನಸ್ಸಿಗೆ ಗೊತ್ತಿದ್ರೆ ಟೇಪು ತಾನಾಗೇ ಒಂದು ಚೂರು ಸಡಿಲ ಆಗುತ್ತೆ, ಗುರುತು ತಾನಾಗೇ ಒಂದು ಚೂರು ಮೇಲೆ ಹೋಗುತ್ತೆ. ಅಳೆಯೋ ನಿನಗೇ ಗೊತ್ತಾಗಲ್ಲ. ನಾಳೆ ಮತ್ತೆ ಮಾಡು."

ಜೊತೆಗಾತಿ ಮುಖ ಊದಿಸಿಕೊಂಡು ಹೋದಳು. ಚಿವುಟಮ್ಮ ಸಂಜೆಯ ಬಸ್ಸು ಹತ್ತಿದಳು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಟಿಕೆಟ್ಟಿಗೆಂದು ಚೀಲದಲ್ಲಿ ಕೈಯಾಡಿಸಿದಾಗ ಭಾನುವಾರದ ನೋಟ್‌ಬುಕ್ ಕೈಗೆ ಬಂತು. ಸುಮ್ಮನೆ ತೆರೆದು ತೋಳಿನ ಸುತ್ತಳತೆಯ ಸಾಲು ನೋಡಿದಳು. ಇಪ್ಪತ್ತೇಳು ಪಾಯಿಂಟ್ ನಾಲ್ಕು. ಇಪ್ಪತ್ತೇಳು ಪಾಯಿಂಟ್ ನಾಲ್ಕು. ಇಪ್ಪತ್ತೇಳು ಪಾಯಿಂಟ್ ಮೂರು. ಇಪ್ಪತ್ತೇಳು ಪಾಯಿಂಟ್ ನಾಲ್ಕು. ಮತ್ತೆ ಇಪ್ಪತ್ತೇಳು ಪಾಯಿಂಟ್ ನಾಲ್ಕು. ಮಡಿಕೆಯಂತೂ ಐದು ವಾರವೂ ಎಂಟು ಮಿಲಿಮೀಟರ್.

ಬೇರೆ ಯಾರಾದರೂ ಇಂಥ ಹಾಳೆ ತಂದಿದ್ದರೆ ಅವಳು ಅವರ ಮುಖಕ್ಕೇ ಎಸೆಯುತ್ತಿದ್ದಳು. ಅಳೆದವಳು, ಬರೆದವಳು, ಹಿಂದಿನ ಸಂಖ್ಯೆ ನೋಡಿದವಳು ಮೂವರೂ ತಾನೇ. ಇಪ್ಪತ್ತೆಂಟು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದ ಕಟ್ಟುಪಾಡನ್ನು ಸ್ವಂತ ಗಂಡನ ತೋಳಿನ ಮೇಲೆ ಮುರಿದಿದ್ದಳು, ಮುರಿದದ್ದು ಗೊತ್ತೇ ಆಗದ ಹಾಗೆ. ಅಷ್ಟೇ ಅಲ್ಲ. ಟೇಪು ಸುತ್ತುವಾಗ ಬೆರಳಿಗೆ ಸಿಕ್ಕ ಇನ್ನೊಂದು ವಿಷಯ ಅವಳಿಗೆ ಈಗ ಸ್ಪಷ್ಟವಾಗಿ ನೆನಪಾಯಿತು. ಅದನ್ನು ನೆನೆದು ಬಸ್ಸಿನಲ್ಲೇ ಅವಳ ಕಿವಿ ಬಿಸಿಯಾಯಿತು. ಆ ವಿಷಯವನ್ನು ಅವಳು ಅವನಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ.

ಮನೆಗೆ ಬಂದು ಗಂಡನ ಎದುರು ಕೂತು ನೇರವಾಗಿಯೇ ಹೇಳಿದಳು. "ನಾಳೆ ನನ್ನ ಜೊತೆ ಆಸ್ಪತ್ರೆಗೆ ಬನ್ನಿ. ಇನ್ನೊಂದು ಸಲ ಅಳೆಸೋಣ. ನಾನಲ್ಲ, ನನ್ನ ಜೊತೆಗಿರೋಳು ಅಳೀತಾಳೆ."

"ಡಾಕ್ಟರೇ ಒಪ್ಪಿದ್ದಾರಲ್ಲ! ಬುಧವಾರ ಗೊತ್ತಾಗಿದೆಯಲ್ಲ! ನಿನ್ನ ಕೈಗಿಂತ ಅವಳ ಕೈ ದೊಡ್ಡದಾ?"

"ನನ್ನ ಕೈ ನಿಮ್ಮ ವಿಷಯದಲ್ಲಿ ಕೆಟ್ಟುಹೋಗಿದೆ."

ಬೇಡವೆನ್ನಲು ಅವನಿಗಿದ್ದ ಒಂದೇ ಕಾರಣ ಬಾಯಿಬಿಟ್ಟು ಹೇಳುವಂಥದ್ದಾಗಿರಲಿಲ್ಲ. ಕೊನೆಗೆ ಎದ್ದು ಹೋಗಿ ನಾಳೆಗೆ ಹಾಕಿಕೊಳ್ಳುವ ಅಂಗಿಯನ್ನು ಮೊಳೆಗೆ ನೇತುಹಾಕಿದ.

ಬೆಳಿಗ್ಗೆ ಹಸಿರು ಪರದೆಯ ಹಿಂದೆ ಅವನು ನಿಂತ. ಜೊತೆಗಾತಿ ನಿನ್ನೆಯ ಮುನಿಸನ್ನು ಮರೆತಿದ್ದಳು. ಚಿವುಟಮ್ಮ ಮೇಜಿನ ಹತ್ತಿರ ಪೆನ್ನು ಹಿಡಿದು, ಗೋಡೆಯ ಕಡೆ ಮುಖ ಮಾಡಿ ಕೂತಳು. ಹಳೆಯ ಸಂಖ್ಯೆಗಳನ್ನು ಜೊತೆಗಾತಿಗೆ ಹೇಳಿರಲಿಲ್ಲ. ಗುರುತು ಹಾಕಿ, ಟೇಪು ಸುತ್ತಿದ ಸದ್ದಾಯಿತು. ಆಮೇಲೆ ಜೊತೆಗಾತಿಯ ದನಿ ಕೇಳಿತು.

"ಭಾವ, ತೋಳು ಸಡಿಲ ಬಿಡಿ."

"ಬಿಟ್ಟಿದ್ದೀನಲ್ಲ."

"ಇಲ್ಲ ಭಾವ, ಬಿಗಿ ಹಿಡಿದಿದ್ದೀರಿ. ಒದ್ದೆ ಬಟ್ಟೆ ನೇತುಬಿಟ್ಟ ಹಾಗೆ ಬಿಡಿ."

ಲಿಫ್ಟು ಎಲ್ಲೋ ಮೇಲೆ ಗಡಗಡಿಸಿ ನಿಂತಿತು. ಚಿವುಟಮ್ಮ ಗೋಡೆಯನ್ನು ನೋಡುತ್ತಲೇ ಇದ್ದಳು. ಸಾವಿರಾರು ಜನರಿಗೆ ದಿನಕ್ಕೆ ಇಪ್ಪತ್ತು ಸಲ ತಾನು ಹೇಳಿದ ಮಾತು ಅದು. ಐದು ಭಾನುವಾರ ಅದೊಂದನ್ನು ಮಾತ್ರ ಅವನಿಗೆ ಹೇಳಿರಲಿಲ್ಲ. ಬೆರಳಿಗೆ ಗೊತ್ತಾಗಿತ್ತು, ನಾಲಿಗೆ ಸುಮ್ಮನಿತ್ತು.

ಆಮೇಲೆ ಅವನು ಉಸಿರು ಬಿಟ್ಟದ್ದು ಕೇಳಿತು. "ಇಪ್ಪತ್ತೈದು ಪಾಯಿಂಟ್ ಒಂದು" ಎಂದಳು ಜೊತೆಗಾತಿ. ಬರೆಯುವವಳು ಕೇಳಿದ ಸಂಖ್ಯೆಯನ್ನು ತಪ್ಪಾಗದಂತೆ ಗಟ್ಟಿಯಾಗಿ ಮರಳಿ ಹೇಳಬೇಕು. "ಇಪ್ಪತ್ತೈದು ಪಾಯಿಂಟ್ ಒಂದು" ಎಂದಳು ಚಿವುಟಮ್ಮ, ಬರೆದಳು. ಮಡಿಕೆ ಏಳು. "ಏಳು" ಎಂದಳು, ಬರೆದಳು. ಮೂರು ಸಲ ಅಳೆದರೂ ಒಂದು ಗೆರೆ ಮೇಲೆ, ಒಂದು ಗೆರೆ ಕೆಳಗೆ, ಅಷ್ಟೇ. ಕೊಬ್ಬಿನ ಪಾಲು ಕಳೆದರೆ ಅವಳ ನೋಟ್‌ಬುಕ್ಕಿನಲ್ಲಿದ್ದ ತೋಳಿಗಿಂತ ಎರಡು ಸೆಂಟಿಮೀಟರ್ ಕಡಿಮೆ ಸ್ನಾಯು. ಆ ಎರಡು ಸೆಂಟಿಮೀಟರ್ ಅಂದರೆ ಏನು ಎಂದು ಆ ಕೋಣೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳು ಹಾಳೆ ಹಿಡಿದು ಮೇಲಿನ ಮಹಡಿಗೆ ಮೆಟ್ಟಿಲು ಹತ್ತಿಯೇ ಹೋದಳು. ಶಸ್ತ್ರವೈದ್ಯರ ಮುಂದೆ ನಿಂತು, "ಸರ್, ನಾನು ಕೊಟ್ಟ ಐದು ವಾರದ ಅಳತೆ ಹೊಡೆದುಹಾಕಿ. ಅದು ಅಳತೆ ಅಲ್ಲ, ನನ್ನ ಆಸೆ" ಎಂದಳು. ಅವರು ಹಾಳೆಯನ್ನು ನೋಡಿದರು, ಅವಳನ್ನು ನೋಡಿದರು. ಬೈಯುತ್ತಾರೆಂದು ಅವಳು ಕಾದಳು. ಬೈಯಲಿಲ್ಲ. "ತಪ್ಪು ನನ್ನದೂ ಇದೆ. ಹೆಂಡ್ತಿ ಕೈಲಿ ಗಂಡನ್ನ ಅಳೆಸಬಾರದು ಅನ್ನೋ ಬುದ್ಧಿ ನನಗಾದ್ರೂ ಇರಬೇಕಿತ್ತು" ಎಂದು ಬುಧವಾರದ ಪಟ್ಟಿಯಲ್ಲಿ ಅವನ ಹೆಸರಿಗೆ ಗೆರೆ ಎಳೆದರು. ಇವತ್ತೇ ಭರ್ತಿ ಮಾಡಿ ಕೊಳವೆ ಹಾಕಿಬಿಡೋಣ ಎಂದರು.

ಭರ್ತಿಯೇನೋ ಆಯಿತು. ಒಪ್ಪಿಗೆ ಪತ್ರಕ್ಕೆ ಮಾತ್ರ ಬಡಗಿ ಸಹಿ ಹಾಕಲಿಲ್ಲ. ನರ್ಸ್ ಎರಡು ಸಲ ಬಂದು ಕೇಳಿ ಹೋದಳು, ಅವನು ಕಿಟಕಿಯ ಕಡೆ ಹೊರಳಿ ಮಲಗಿದ. ಮೂರನೆಯ ಸಲ ಚಿವುಟಮ್ಮ ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. ಪತ್ರ ದಿಂಬಿನ ಪಕ್ಕದಲ್ಲಿ ಹಾಗೇ ಇತ್ತು.

"ನೀನು ಸುಮ್ಮನಿದ್ದಿದ್ರೆ ಬುಧವಾರ ಎಲ್ಲ ಮುಗಿದಿರೋದು" ಎಂದ ಅವನು, ತಿರುಗದೆಯೇ.

"ಹೌದು. ಎಲ್ಲ ಮುಗಿದಿರೋದು" ಎಂದಳು ಅವಳು.

ಆ ಮಾತಿನ ಅರ್ಥ ಅವನಿಗೆ ತಟ್ಟಿತು. ಈ ಕಡೆ ಹೊರಳಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗೆ ಹೊದಿಕೆಯ ಅಂಚನ್ನು ಕೀಳುತ್ತಿದ್ದ.

"ಪ್ರತಿ ಭಾನುವಾರ ನಾನು ತೋಳು ಬಿಗಿ ಹಿಡೀತಿದ್ದೆ. ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮೊದಲನೇ ಸಲದಿಂದ್ಲೇ?"

"ಮೊದಲನೇ ಸಲದಿಂದ್ಲೇ."

"ಮತ್ಯಾಕೆ ಹೇಳ್ಲಿಲ್ಲ ನೀನು? ಊರವರಿಗೆಲ್ಲ ಬೈದು ಬೈದು ಸಡಿಲ ಬಿಡಿಸ್ತೀಯಲ್ಲ."

ಇಪ್ಪತ್ತೆಂಟು ವರ್ಷ ಇದ್ದದ್ದನ್ನು ಇದ್ದ ಹಾಗೆ ಹೇಳಿದ ಹೆಂಗಸು, ಈಗಲೂ ಇದ್ದದ್ದನ್ನೇ ಹೇಳಿದಳು.

"ಬಿಗಿ ಹಿಡಿಯೋಷ್ಟು ಬಲ ನಿಮ್ಮಲ್ಲಿ ಇನ್ನೂ ಇದೆಯಲ್ಲ ಅಂತ ಸಂತೋಷ ಆಗ್ತಿತ್ತು ರೀ."

ಅವನು ಅವಳನ್ನೇ ನೋಡಿದ. ಆಮೇಲೆ ದಿಂಬಿನ ಪಕ್ಕದ ಪತ್ರವನ್ನು ಎಳೆದುಕೊಂಡು, ಎದ್ದು ಕೂರಲು ಮೊಣಕೈ ಊರಿದ. ಮೊದಲ ಸಲ ಆಗಲಿಲ್ಲ. ಅವಳು ಕೈ ಕೊಡಲು ಹೋದಳು, ಬೇಡವೆಂದು ತಲೆಯಾಡಿಸಿದ. ಎರಡನೆಯ ಸಲ ಅವನೇ ಕೈ ಮುಂದೆ ಚಾಚಿದ. ತೋಳು ಸಡಿಲವಾಗಿ ಅವಳ ಹಿಡಿತದಲ್ಲಿ ಬಂತು, ಅದೆಷ್ಟು ತೆಳ್ಳಗಾಗಿದೆಯೋ ಅಷ್ಟೂ. ಅವಳು ಎಬ್ಬಿಸಿ ಕೂರಿಸಿದಳು.

"ಪೆನ್ನು ಕೊಡು" ಎಂದ.